ಮಾಜಿ ಸೈನಿಕರ ಚಿಕಿತ್ಸೆ: ಹೊಣೆ ಹೊರುವವರು ಯಾರು?

ಮಾನ್ಯ ಸಂಪಾದಕರೇ,

ಇಸಿಎಚ್‌ಎಸ್ ಎಂದೇ ಪರಿಚಿತವಾಗಿರುವ ಮಾಜಿ ಸೈನಿಕರ ಆರೋಗ್ಯ ಯೋಜನೆ 2003ರ ಏಪ್ರಿಲ್‌ನಲ್ಲಿ ಆರಂಭವಾದಾಗ, ನಿವೃತ್ತ ಯೋಧರೂ ಅವರ ಅವಲಂಬಿತರೂ ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಪಡೆಯಬೇಕೆಂಬುದೇ ಅದರ ಆಶಯವಾಗಿತ್ತು. ಯೋಜನೆಯದೇ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್‌ನ ವೈದ್ಯರು ಶಿಫಾರಸು ಪತ್ರ ಕೊಟ್ಟರೆ, ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆ ಚಿಕಿತ್ಸೆ ನೀಡಿ ಬಿಲ್ಲನ್ನು ಯೋಜನೆಗೇ ಸಲ್ಲಿಸುತ್ತದೆ. ಆದರೆ ಬಿಲ್ಲುಗಳ ಪಾವತಿ ತಡವಾದಾಗ ಕೆಲವು ಆಸ್ಪತ್ರೆಗಳು ನಗದುರಹಿತ ದಾಖಲಾತಿಗೆ ಹಿಂದೇಟು ಹಾಕುತ್ತವೆ. ದೊಡ್ಡ ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿಕೊಂಡಿರುವ, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಹಿರಿಯರು ಆಗ ಸಾಲ ಮಾಡಿ ಮುಂಗಡ ಹೊಂದಿಸಬೇಕಾಗುತ್ತದೆ. (2020ರಲ್ಲಿ ಕರ್ನಾಟಕ–ಕೇರಳ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟೆಂಬುದು ಎಲ್ಲರಿಗೂ ತಿಳಿದಿದೆ.)

ದೂರು ಕೊಡಲು ಹೊರಟರೆ ಇನ್ನೊಂದು ತೊಡಕು. ಇಸಿಎಚ್‌ಎಸ್ ರಕ್ಷಣಾ ಸಚಿವಾಲಯದ ಮಾಜಿ ಸೈನಿಕರ ಕಲ್ಯಾಣ ಇಲಾಖೆಯ ಅಧೀನದಲ್ಲಿದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಾದರೋ ರಾಜ್ಯ ಸರ್ಕಾರದ್ದು; ಹಾಗಾಗಿ ಯಾರಿಗೆ ದೂರುವುದೆಂಬುದೇ ಗೊಂದಲ. ಪಿಂಚಣಿ ಈಗ ‘ಸ್ಪರ್ಶ್’ ಜಾಲತಾಣದ ಮೂಲಕ ಬರುತ್ತಿದ್ದು, ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಸಲ್ಲಿಸುವುದು ಕಂಪ್ಯೂಟರ್ ಮುಟ್ಟದ ವೃದ್ಧ ವಿಧವೆಯರಿಗೆ ಸುಲಭವಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ಸರ್ಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ನೀಡಿರುವಾಗ, ಇಂಥವರಿಗೆ ಕನ್ನಡ ಬಲ್ಲ ಸಿಬ್ಬಂದಿಯನ್ನು ಒದಗಿಸುವುದು ದೊಡ್ಡ ಖರ್ಚಿನ ಮಾತೇನಲ್ಲ.

ಯಾವ ಆಸ್ಪತ್ರೆಗೆ ಎಷ್ಟು ಬಾಕಿಯಿದೆ, ಎಷ್ಟು ಕಾಲದಿಂದ ಇದೆ ಎಂಬುದನ್ನು ಇಲಾಖೆ ಪ್ರತಿ ತಿಂಗಳೂ ಪ್ರಕಟಿಸಬೇಕು. ನಮ್ಮ ಸಂಸದರು ಈ ವಿವರವನ್ನು ಲೋಕಸಭೆಯಲ್ಲಿ ಲಿಖಿತ ಪ್ರಶ್ನೆಯ ಮೂಲಕ ಕೇಳಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಓದುಗ, ಮಂಜೇಶ್ವರ