ಸೆಕ್ಯೂರಿಟಿ ಇಟ್ಕೊಳ್ಳೋ ಮುಂಚೆ ಲೈಸೆನ್ಸ್ ಕೇಳಿ

ಮಾನ್ಯರೇ,

ಹಾಸನದ ಬಿ.ಎಂ. ರೋಡಲ್ಲಿ ನಂದೊಂದು ಸಣ್ಣ ಗೋಡೌನ್ ಇದೆ, ರಾತ್ರಿ ಕಾವಲಿಗೆ ಅಂತ ಒಂದು ಏಜೆನ್ಸಿಯಿಂದ ಒಬ್ರನ್ನ ತಗೊಂಡಿದ್ದೆ. ಪಾಪ ವಯಸ್ಸಾದೋರು, ಕೊರಳಲ್ಲಿದ್ದ ಐಡಿ ಕಾರ್ಡಲ್ಲಿ ಫೋಟೋ ಇಲ್ಲ, ಹೆಸ್ರೂ ಬೇರೆ ಯಾರದ್ದೋ! ಟ್ರೈನಿಂಗ್ ಎಷ್ಟು ದಿನ ಕೊಟ್ರು ಅಂದ್ರೆ "ಟಾರ್ಚ್ ಕೊಟ್ರು, ಹೋಗು ಅಂದ್ರು ಸಾ" ಅಂತಾರೆ.

ವಿಚಾರಿಸಿದ್ರೆ ಏಜೆನ್ಸಿಗೆ ಲೈಸೆನ್ಸೇ ಇಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆ ಪ್ರಕಾರ ಹಂಗೆ ನಡೆಸಿದ್ರೆ 1 ವರ್ಷದವರೆಗೆ ಜೈಲು ಇಲ್ಲಾ 25,000 ರೂ.ವರೆಗೆ ದಂಡ, ಎರಡೂ ಬೀಳಬಹುದು. ಗಾರ್ಡ್ ವಯಸ್ಸು 18ರಿಂದ 65ರೊಳಗೆ ಇರ್ಬೇಕು, ಪೂರ್ವಾಪರ ವೆರಿಫಿಕೇಷನ್ ಆಗಿರ್ಬೇಕು, 2006ರ ಕೇಂದ್ರದ ಮಾದರಿ ನಿಯಮದಲ್ಲಿ ಹೊಸಬ್ರಿಗೆ 160 ಗಂಟೆ ಟ್ರೈನಿಂಗ್ ಅಂತಿತ್ತು, ಈ ಅಜ್ಜನಿಗೆ 160 ನಿಮಿಷನೂ ಆಗಿಲ್ಲ.

ನಂದೂ ತಪ್ಪಿದೆ ಬಿಡಿ, ರೇಟ್ ಕಮ್ಮಿ ಅಂತ ಒಪ್ಕೊಂಡಿದ್ದೆ. ಕಾಂಟ್ರಾಕ್ಟರ್ ಸಂಬಳ ಕೊಡದೇ ಕೈಯೆತ್ತಿದ್ರೆ ಕೆಲಸ ಮಾಡಿಸ್ಕೊಂಡ ನಮ್ಮ ತಲೆಗೇ ಬರುತ್ತೆ ಅಂತ ಆಡಿಟರ್ ಹೇಳಿದ್ಮೇಲೇ ಗೊತ್ತಾಗಿದ್ದು. ಕಲ್ಯಾಣ ಮಂಟಪ, ಬಟ್ಟೆ ಅಂಗಡಿ ನಡೆಸೋರು ಲೈಸೆನ್ಸ್ ಕಾಪಿ, ಪಿಎಫ್ ಚಲನ್ ಕೇಳಿ ತಗೊಳ್ಳಿ. ಪೊಲೀಸ್ನೋರೂ ಒಂದ್ಸಲ ಈ ಏಜೆನ್ಸಿಗಳ ಆಫೀಸ್ ಕಡೆ ಹೋಗಿ ನೋಡ್ಲಿ.

- ಒಬ್ಬ ವ್ಯಾಪಾರಿ, ಹಾಸನ