ಆಪರೇಷನ್ ಆದ ನಾಯಿಮರಿಯ ಮಂಡಿ ಮಡಚಿಸಿ

ಮಾನ್ಯ ಸಂಪಾದಕರೇ,

ಬೈಕಿಗೆ ಸಿಕ್ಕಿಯೋ ಮಹಡಿಯಿಂದ ಬಿದ್ದೋ ತೊಡೆಮೂಳೆ ಮುರಿದುಕೊಂಡ ನಾಯಿಮರಿಗೆ ಪಿನ್ನು, ಪ್ಲೇಟು ಹಾಕಿಸಿ ಉಳಿಸಿಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಆಪರೇಷನ್ ಸರಿಯಾಗಿಯೇ ಆಗಿ, ಎಕ್ಸ್‌ರೇಯಲ್ಲಿ ಮೂಳೆ ನೆಟ್ಟಗೆ ಕೂಡಿಕೊಂಡಿದ್ದರೂ ಕೆಲವು ಮರಿಗಳ ಕಾಲು ಕೋಲಿನಂತೆ ಸೆಟೆದು ನಿಂತುಬಿಡುತ್ತದೆ. ‘ಮುರಿದ ಕಾಲು, ಅಲ್ಲಾಡಿಸಬಾರದು’ ಎಂದು ಮನೆಯವರು ಅಕ್ಕರೆಯಿಂದ ಕಾಪಾಡಿದ್ದೇ ಇದಕ್ಕೆ ಕಾರಣವಾಗುವುದುಂಟು. ಈ ವಿಷಯ ಓದುಗರಿಗೆ ತಿಳಿದಿರಲಿ ಎಂದು ಈ ಪತ್ರ.

ಬೆಳೆಯುತ್ತಿರುವ ಮರಿಗಳಲ್ಲಿ ತೊಡೆಮೂಳೆ ಹೆಚ್ಚಾಗಿ ಮುರಿಯುವುದು ಮಂಡಿಗೆ ಸ್ವಲ್ಪ ಮೇಲೆ, ಬೆಳವಣಿಗೆಯ ಪದರ ಇರುವ ಕಡೆ. ಎಳೆ ಮೂಳೆ ಮೂರು–ನಾಲ್ಕು ವಾರದಲ್ಲೇ ಕೂಡಿಕೊಳ್ಳುತ್ತದೆ. ಅಷ್ಟು ದಿನ ಮಂಡಿ ಮಡಚದೆ ಇದ್ದರೆ ತೊಡೆಯ ಮುಂಭಾಗದ ದಪ್ಪ ಸ್ನಾಯು ಹೊಸದಾಗಿ ಬೆಳೆದ ಮೂಳೆಗೆ ಅಂಟಿಕೊಂಡು ನಾರಿನಂತಾಗುತ್ತದೆ. ಆಮೇಲೆ ಮಂಡಿ ಮಡಚುವುದಿಲ್ಲ, ಹಿಮ್ಮಡಿಯ ಕೀಲೂ ಚಾಚಿಕೊಳ್ಳುತ್ತದೆ, ಮರಿ ಪಾದದ ಮೇಲ್ಭಾಗವನ್ನು ನೆಲಕ್ಕೆ ಉಜ್ಜುತ್ತಾ ಕಾಲೆಳೆಯುತ್ತದೆ. ಈ ಹಂತಕ್ಕೆ ಬಂದ ಮೇಲೆ ಮತ್ತೆ ಕೊಯ್ದು ಸ್ನಾಯು ಬಿಡಿಸಿದರೂ ಕಾಲು ಮೊದಲಿನಂತಾಗುವುದು ಅಪರೂಪ. ಕಾಲನ್ನೇ ತೆಗೆಯಬೇಕಾಗಿ ಬರುವುದೂ ಇದೆ.

ಆಪರೇಷನ್ನಿಗೆ ಮೊದಲೇ ಬಿದಿರು ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿಸಿಕೊಂಡು ಬಂದ ಮರಿಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಮುರಿದ ಮೂಳೆಯ ಮೇಲಿನ ಕೀಲು, ಕೆಳಗಿನ ಕೀಲು ಎರಡನ್ನೂ ಹಿಡಿದಿಟ್ಟರೆ ಮಾತ್ರ ದಬ್ಬೆಯಿಂದ ಪ್ರಯೋಜನ. ತೊಡೆಗೆ ಮೇಲಿನ ಕೀಲು ಸೊಂಟದ್ದು, ಅಲ್ಲಿಯವರೆಗೆ ದಬ್ಬೆ ಏರುವುದೇ ಇಲ್ಲ. ಕಟ್ಟಿನ ಮೇಲ್ತುದಿ ಮುರಿದ ಜಾಗಕ್ಕೇ ಬಂದು ನಿಂತು, ಅದರ ಭಾರವೆಲ್ಲ ಅಲ್ಲೇ ಜೋತಾಡುತ್ತದೆ. ಮಂಡಿ ಮಾತ್ರ ನೆಟ್ಟಗೆ ಬಿಗಿದಿರುತ್ತದೆ. ತೊಡೆ ಮುರಿದಿದೆ ಎನಿಸಿದರೆ ಏನನ್ನೂ ಕಟ್ಟದೆ, ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ತರುವುದೇ ಮೇಲು.

ಇನ್ನು ವ್ಯಾಯಾಮ. ಪಿನ್ನು ಭದ್ರವಾಗಿದೆ, ಶುರು ಮಾಡಬಹುದು ಎಂದು ಆಪರೇಷನ್ ಮಾಡಿದ ವೈದ್ಯರು ಹೇಳಿದ ದಿನದಿಂದಲೇ ಆರಂಭಿಸಬೇಕು. ಸಾಮಾನ್ಯವಾಗಿ ಅದು ಮೊದಲ ಎರಡು–ಮೂರು ದಿನಗಳಲ್ಲೇ. ನೋವಿನ ಔಷಧ ಕೊಟ್ಟು ಒಂದು ಗಂಟೆ ಬಿಟ್ಟು, ಆಪರೇಷನ್ ಆದ ಕಾಲು ಮೇಲೆ ಬರುವಂತೆ ಮರಿಯನ್ನು ಮಗ್ಗುಲಾಗಿ ಮಲಗಿಸಿ. ಒಂದು ಅಂಗೈ ತೊಡೆಯ ಕೆಳಗೆ ಆಸರೆಯಾಗಿರಲಿ, ಇನ್ನೊಂದು ಕೈ ಮಂಡಿಯ ಕೆಳಗಿನ ಕಾಲನ್ನು ಹಿಡಿದಿರಲಿ. ಹಿಮ್ಮಡಿಯನ್ನು ಪೃಷ್ಠದ ಕಡೆಗೆ ತರುವಂತೆ ನಿಧಾನವಾಗಿ ಮಡಚಿ. ಮರಿ ತಲೆ ತಿರುಗಿಸಿ ಕೈಯತ್ತ ನೋಡಿದ ಕ್ಷಣವೇ ಅವತ್ತಿನ ಮಿತಿ. ಅಲ್ಲಿ ಐದು ಎಣಿಸುವಷ್ಟು ಹಿಡಿದು, ನಿಧಾನವಾಗಿ ಚಾಚಿ. ಹೀಗೆ 10–15 ಬಾರಿ, ದಿನಕ್ಕೆ ಮೂರು–ನಾಲ್ಕು ಸಲ. ಜಗ್ಗಬಾರದು, ಬಲ ಹಾಕಬಾರದು. ಬಾವು ಇಳಿಯಲು ಮೊದಲ ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು 10 ನಿಮಿಷ ಇಡಬಹುದು; ಬಿಸಿ ಶಾಖ ಈ ದಿನಗಳಲ್ಲಿ ಬೇಡ.

ಮಂಡಿ ಆಡಿಸಿ ಎಂದರೆ ಮರಿಯನ್ನು ಓಡಾಡಲು ಬಿಡಿ ಎಂದಲ್ಲ. ಸೋಫಾದಿಂದ ಒಂದು ನೆಗೆತ ಸಾಕು, ಪಿನ್ನು ಸರಿಯುತ್ತದೆ, ಸ್ಕ್ರೂ ಕಿತ್ತು ಬರುತ್ತದೆ. ಬೋನು ಅಥವಾ ಅಡ್ಡಹಲಗೆ ಹಾಕಿದ ಮೂಲೆಯಲ್ಲಿ ಇಟ್ಟು, ಬೆಲ್ಟ್ ಹಿಡಿದೇ ಐದೈದು ನಿಮಿಷ, ದಿನಕ್ಕೆ ಮೂರು ಸಲ ನಿಧಾನವಾಗಿ ನಡೆಸಬೇಕು. ನಿಧಾನವಾಗಿ ನಡೆದರೆ ಕಾಲೂರುತ್ತದೆ, ಅವಸರದಲ್ಲಿ ಮೂರೇ ಕಾಲಲ್ಲಿ ಕುಪ್ಪಳಿಸುತ್ತದೆ. ನಮ್ಮ ಮನೆಗಳ ಟೈಲ್ಸ್, ಗ್ರಾನೈಟ್ ನೆಲ ಈ ಮರಿಗಳಿಗೆ ಶತ್ರು. ಓಡಾಡುವ ಕಡೆಯೆಲ್ಲ ಗೋಣಿಚೀಲವನ್ನೋ ಯೋಗ ಮ್ಯಾಟನ್ನೋ ಹಾಸಿ.

ಹೊಲಿಗೆ ಬಿಚ್ಚುವವರೆಗೆ, ಅಂದರೆ 10–14 ದಿನ, ಕೊರಳ ಕೋನ್ ತೆಗೆಯಬೇಡಿ. ‘ಪಾಪ’ ಎಂದು ಒಂದು ರಾತ್ರಿ ತೆಗೆದರೂ ಮರಿ ಗಾಯ ನೆಕ್ಕಿ ಹೊಲಿಗೆ ಬಿಚ್ಚಿಕೊಂಡಿರುತ್ತದೆ. ಒಳಗಿನ ಲೋಹಕ್ಕೆ ಸೋಂಕು ತಗುಲಿದರೆ ಎಷ್ಟೋ ಸಲ ಆ ಲೋಹವನ್ನು ತೆಗೆಯುವವರೆಗೂ ವಾಸಿಯಾಗುವುದಿಲ್ಲ. ಬ್ಯಾಂಡೇಜ್ ಇದ್ದರೆ ನಡುವಿನ ಎರಡು ಬೆರಳು ಕಾಣುವಂತಿರಬೇಕು. ಉಗುರುಗಳು ಅಗಲಿಸಿಕೊಂಡಿದ್ದರೆ, ಬೆರಳು ತಣ್ಣಗಿದ್ದರೆ, ಕಟ್ಟು ಒದ್ದೆಯಾಗಿದ್ದರೆ ಅವತ್ತೇ ಬಿಚ್ಚಿಸಬೇಕು. ಪಾದ ಮಗುಚಿ ಊರುತ್ತಿದ್ದರೆ ಪಿನ್ನಿನ ತುದಿ ಸೊಂಟದ ಬಳಿ ನರಕ್ಕೆ ಒತ್ತುತ್ತಿರಬಹುದು. ವಾರವಾದರೂ ಕಾಲು ಊರದಿದ್ದರೆ, ಊರುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಲ್ಲಿಸಿದರೆ, ಹೊಲಿಗೆ ಬಿಚ್ಚುವ ತಾರೀಖಿನವರೆಗೆ ಕಾಯಬೇಡಿ. ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನಂತೂ ಮುಟ್ಟಲೇಬೇಡಿ. ಅವುಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ.

ಇದರಲ್ಲಿ ಮನೆಯವರ ತಪ್ಪೇನೂ ಇಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಔಷಧದ ಹೆಸರು, ಕೆಳಗೆ ‘ರೆಸ್ಟ್’ ಎಂಬ ಒಂದು ಪದ ಇದ್ದರೆ ಅವರಾದರೂ ಏನು ಮಾಡಿಯಾರು? ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮತ್ತು ಪಶುಸಂಗೋಪನಾ ಇಲಾಖೆ ಸೇರಿ ಕನ್ನಡದಲ್ಲಿ, ಚಿತ್ರಗಳೊಂದಿಗೆ ಒಂದೇ ಹಾಳೆಯ ಸೂಚನೆ ಮುದ್ರಿಸಿ ತಾಲ್ಲೂಕು ಆಸ್ಪತ್ರೆಗಳಿಗೂ ಖಾಸಗಿ ಕ್ಲಿನಿಕ್‌ಗಳಿಗೂ ಹಂಚಬೇಕು. ಮಂಡಿ ಮಡಚುವ ಕ್ರಮವನ್ನು ಮರಿಯ ಮೇಲೆ ಒಮ್ಮೆ ತೋರಿಸಿ, ಮನೆಯವರ ಕೈಯಲ್ಲೇ ಒಮ್ಮೆ ಮಾಡಿಸಿದ ಮೇಲಷ್ಟೇ ಮರಿಯನ್ನು ಮನೆಗೆ ಕಳಿಸಬೇಕೆಂದು ಸಹೋದ್ಯೋಗಿ ವೈದ್ಯರಲ್ಲೂ ನಮ್ಮ ವಿನಂತಿ. ಅದಕ್ಕೆ ಹಿಡಿಯುವುದು ಹತ್ತು ನಿಮಿಷ.

ಇಂತಿ,
ಸಣ್ಣ ಪ್ರಾಣಿಗಳ ಮೂಳೆ ಚಿಕಿತ್ಸೆಯಲ್ಲಿ ತೊಡಗಿರುವ ಪಶುವೈದ್ಯರು, ಬೆಂಗಳೂರು