ಕಾರಿನ ಕೀಲಿ ಕೆಳಗೊಂದು ಕಾಗದ

ಮಗಳೇ,

ಪಕ್ಕದಲ್ಲಿ ಕೂತು ಹೇಳಲು ಹೋದರೆ ನನ್ನ ದನಿ ಏರುತ್ತದೆ, ನಿನ್ನ ಕಾಲು ನಡುಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಜಗತ್ ವೃತ್ತದಲ್ಲಿ ಮೂರು ಸಲ ಗಾಡಿ ಬಂದ್ ಆಯಿತು. ಹಿಂದಿನ ಆಟೋದವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಅವನಿಗಿಂತ ಜಾಸ್ತಿ ನಾನೇ ಕೂಗಿದೆ, ಅಲ್ವಾ?

ತಪ್ಪು ನನ್ನದು. "ಕ್ಲಚ್ ಬಿಡು, ಎಕ್ಸಲರೇಟರ್ ಕೊಡು" ಅಂತ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ನಿನ್ನ ಎಡಗಾಲು ಪಟ್ಟನೆ ಮೇಲೆ ಬಂತು, ಗಾಡಿ ಝಟ್ಕಾ ಹೊಡೆದು ನಿಂತಿತು.

ಭಾನುವಾರ ಬಿಸಿಲು ಏರುವ ಮೊದಲೇ ಸೇಡಂ ರಸ್ತೆಗೆ, ವಿಶ್ವವಿದ್ಯಾಲಯದ ಕಡೆ ಹೋಗೋಣ. ಸಮತಟ್ಟು ಜಾಗ ನೋಡಿ ನಿಲ್ಲಿಸು. ಅವತ್ತು ಎಕ್ಸಲರೇಟರ್ ಮುಟ್ಟಲೇಬೇಡ. ನಮ್ಮದು ಡೀಸೆಲ್ ಗಾಡಿ, ಅದಿಲ್ಲದೆಯೂ ಹೊರಡುತ್ತದೆ. ಕ್ಲಚ್ ಪೂರ್ತಿ ಒತ್ತಿ ಒಂದನೇ ಗೇರ್ ಹಾಕು, ಬ್ರೇಕ್ ಬಿಡು, ಕ್ಲಚ್ಚನ್ನು ಕೂದಲೆಳೆಯಷ್ಟೇ ಮೇಲೆತ್ತುತ್ತಾ ಹೋಗು. ಒಂದು ಕಡೆ ಎಂಜಿನ್ ದನಿ ದಪ್ಪಗಾಗುತ್ತದೆ, ಗಾಡಿಯ ಮೈ ಸಣ್ಣಗೆ ನಡುಗುತ್ತದೆ. ಕಾಲು ಅಲ್ಲೇ ನಿಲ್ಲಲಿ! ಎಂಜಿನ್ ಜೊತೆ ಒಳಗೇ ತಿರುಗುವ ಚಕ್ರವನ್ನು ಕ್ಲಚ್ ಪ್ಲೇಟ್ ಹಿಡಿಯಲು ಶುರುಮಾಡಿರುತ್ತದೆ. ಅರ್ಧ ಹಿಡಿತ, ಅರ್ಧ ಜಾರಾಟ. ಡ್ರೈವರ್‌ಗಳು ಹಾಫ್ ಕ್ಲಚ್ ಅನ್ನುವುದು ಇದಕ್ಕೇ. ಗಾಡಿ ತೆವಳತೊಡಗಿದ ಮೇಲೆ ಉಳಿದದ್ದನ್ನು ಬಿಡು. 20 ಸಲ ಹೀಗೇ ಮಾಡು. ನಿನ್ನ ಕಾಲಿಗೆ ಆ ಜಾಗ ಗುರುತು ಸಿಕ್ಕ ಮೇಲೆ ಎಕ್ಸಲರೇಟರ್ ಮಾತು.

ಎಡಗಾಲಿಗೆ ಕ್ಲಚ್ ಒಂದೇ ಕೆಲಸ. ಬ್ರೇಕ್, ಎಕ್ಸಲರೇಟರ್ ಎರಡೂ ಬಲಗಾಲಿಗೆ. ನಿಲ್ಲಿಸುವಾಗ ನೀನು ಮೊದಲೇ ಕ್ಲಚ್ ಒತ್ತುತ್ತೀಯ. ಬೇಡ. ಬ್ರೇಕ್ ಹಾಕುತ್ತಾ ಬಾ, ಗಾಡಿ ಇನ್ನೇನು ನಿಲ್ಲುತ್ತದೆ ಅನ್ನುವಾಗ ಕ್ಲಚ್. ಅಲ್ಲಿವರೆಗೆ ಎಂಜಿನ್ ಕೂಡ ಗಾಡಿಯನ್ನು ಹಿಡಿದೆಳೆಯುತ್ತಿರುತ್ತದೆ.

ಮೇಲ್ಸೇತುವೆಯ ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಎಳೆ. ಹಾಫ್ ಕ್ಲಚ್ ತಂದು, ಸ್ವಲ್ಪ ಎಕ್ಸಲರೇಟರ್ ಕೊಟ್ಟು, ಮೂತಿ ಎತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಇಳಿಸು. ನಾನು ಹೊಸದಾಗಿ ಕಲಿತಾಗ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ಹಾಫ್ ಕ್ಲಚ್ಚಲ್ಲೇ ಗಾಡಿ ತೆವಳಿಸುತ್ತಾ ಹೋಗಿದ್ದೆ. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಯಾರದೋ ಮನೆಯ ಹಾಲು ಉಕ್ಕಿದೆ ಅಂದುಕೊಂಡೆ! ಸುಟ್ಟಿದ್ದು ಕ್ಲಚ್ ಪ್ಲೇಟ್. ಅದರ ಖರ್ಚು ನಿನ್ನ ಅವ್ವನಿಗೆ ಇನ್ನೂ ಗೊತ್ತಿಲ್ಲ, ಹೇಳಬೇಡ.

ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೋ. ಲರ್ನರ್ ಲೈಸೆನ್ಸ್ ಇರುವ ತನಕ ನಾನು ಪಕ್ಕದಲ್ಲಿ ಕೂರಲೇಬೇಕು, ಬೇರೆ ದಾರಿಯಿಲ್ಲ. ಆದರೆ ಹೋಗಿ ಬರುವ ತನಕ ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡಿರುತ್ತೇನೆ.

ನಿನ್ನ ಅಪ್ಪ
ಕಲಬುರಗಿ